‘ಸೋಷಿಯಲ್ ಆಂಕ್ಸೈಟಿ’ ಅಂತ ಹೆಸರಿಟ್ಟರೆ ಭಯ ಕಮ್ಮಿ ಆಗುತ್ತಾ, ಜಾಸ್ತಿ ಆಗುತ್ತಾ?

ಪ್ರಶ್ನೆ: ನಾಲ್ಕು ಜನರ ಮುಂದೆ ಬಾಯಿ ಬಿಡಬೇಕು ಅಂದರೆ ಚಿಕ್ಕಂದಿನಿಂದ ನನಗೆ ಕೈಕಾಲು ನಡುಕ. ಹೋದ ವರ್ಷ ಡಾಕ್ಟರು ಇದು ‘ಸೋಷಿಯಲ್ ಆಂಕ್ಸೈಟಿ’ ಅಂದಾಗ ಏನೋ ಸಮಾಧಾನ ಆಯಿತು. ಈಗ ನಮ್ಮಣ್ಣ, ‘ಆ ಹೆಸರು ಹಿಡ್ಕೊಂಡು ಕೂತಿರೋದಕ್ಕೇ ನಿನಗೆ ವಾಸಿ ಆಗ್ತಿಲ್ಲ’ ಅಂತಾನೆ. ಹೆಸರು ಬೇಕಾ, ಬೇಡವಾ?

ಉತ್ತರ: ನಿಮ್ಮಣ್ಣ ಹೇಳಿದ್ದರಲ್ಲಿ ಅರ್ಧ ನಿಜ ಇದೆ.

ಮೊದಲು ಆ ಸಮಾಧಾನದ ಮಾತು. ಅದು ಸುಳ್ಳಲ್ಲ. ನಾಚಿಕೆ, ಸಂಕೋಚ, ಸಭಾಕಂಪ, ಪುಕ್ಕಲುತನ ಅಂತ ನಮ್ಮಲ್ಲಿ ಪದಗಳಿಗೇನೂ ಬರ ಇಲ್ಲ. ಆದರೆ ಇವೆಲ್ಲ ಸ್ವಭಾವದ ಲೆಕ್ಕಕ್ಕೆ ಹೋಗುತ್ತವೆ. ಸ್ವಭಾವಕ್ಕೆ ಅಂತ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ‘ನಾಲ್ಕು ಜನರ ಜೊತೆ ಬೆರಿ, ಸರಿಹೋಗುತ್ತೆ’ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಇದಕ್ಕೆ ಸ್ವಂತ ಜಾಗ ಸಿಕ್ಕಿದ್ದು 1980ರಲ್ಲಿ, ‘ಸೋಷಿಯಲ್ ಫೋಬಿಯಾ’ ಅನ್ನುವ ಹೆಸರಿನಲ್ಲಿ. ಹೆಸರು ಬಂದ ಮೇಲೆ ಅದಕ್ಕೇ ಅಂತ ಚಿಕಿತ್ಸೆಗಳೂ ಬಂದವು. ವ್ಯಾಪಾರವೂ ಬಂತು ಅನ್ನಿ. 1999ರಲ್ಲಿ ಅಲ್ಲಿ ಒಂದು ಮಾತ್ರೆಗೆ ಇದಕ್ಕಾಗಿ ಒಪ್ಪಿಗೆ ಸಿಕ್ಕಿದ್ದೇ ತಡ, ಜನರೆಂದರೆ ಅಲರ್ಜಿ ಆಗುವ ಕಾಯಿಲೆ ಅನ್ನೋ ಥರ ಜಾಹೀರಾತು ಹೊರಟಿತು. ಸುಮ್ನೆ ಸಂಕೋಚ ಇದ್ದವರಿಗೂ ರೋಗದ ಚೀಟಿ ಅಂಟಿಸುತ್ತಿದ್ದಾರೆ ಅಂತ ಆಗಲೇ ಬೈದವರಿದ್ದರು.

ಇನ್ನು ನಿಮ್ಮಣ್ಣನ ಅರ್ಧ ನಿಜ. ಇದಕ್ಕೆ ನನ್ನದೇ ಕತೆ ಹೇಳಬೇಕು.

ಚಿಕ್ಕಪ್ಪನ ಮಗಳ ಮದುವೆ. ಪಂಕ್ತಿಯಲ್ಲಿ ತುಪ್ಪ ಬಡಿಸು ಅಂತ ಕೈಗೆ ಮಿಳ್ಳೆ ಕೊಟ್ಟರು. ಮೂರನೇ ಎಲೆಗೆ ಹೋಗುವಷ್ಟರಲ್ಲಿ ಮಣಿಕಟ್ಟು ನಡುಗತೊಡಗಿತು. ನಡುಕ ಕಾಣಬಾರದು ಅಂತ ಬಿಗಿಯಾಗಿ ಹಿಡಿದೆ, ನಡುಕ ಇನ್ನೂ ಜಾಸ್ತಿ ಆಯಿತು. ಅನ್ನ ಕಾಣಲಿಲ್ಲ, ಎಲೆ ಕಾಣಲಿಲ್ಲ, ನನ್ನ ಕೈಯೊಂದೇ ಕಂಡಿದ್ದು. ಮಿಳ್ಳೆಯನ್ನು ಯಾರದೋ ಕೈಗಿಟ್ಟು ರೂಮಿಗೆ ಹೋಗಿ ಮೊಬೈಲ್ ನೋಡುತ್ತಾ ಕೂತೆ.

ಈ ಭಯ ಯಾಕೆ ತಾನಾಗೇ ಹೋಗುವುದಿಲ್ಲ ಅಂತ 1995ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ವಿವರಿಸಿದ್ದು ಹೆಚ್ಚುಕಮ್ಮಿ ಇದನ್ನೇ. ಗಮನವೆಲ್ಲ ಒಳಕ್ಕೆ ತಿರುಗುತ್ತದೆ. ನಮಗೆ ಒಳಗೆ ಅನ್ನಿಸಿದ್ದೇ ಹೊರಗೂ ಕಾಣುತ್ತಿದೆ ಅಂದುಕೊಳ್ಳುತ್ತೇವೆ. ಬಿಗಿಯಾಗಿ ಹಿಡಿಯುವುದು, ಆಡುವ ಮಾತನ್ನು ಬಾಯಿಪಾಠ ಮಾಡುವುದು, ಮೊಬೈಲ್ ಹಿಂದೆ ಅವಿತುಕೊಳ್ಳುವುದು ಇವೆಲ್ಲ ಕಾಪಾಡುತ್ತವೆ ಅನ್ನಿಸುತ್ತದೆ. ಆದರೆ ನಡುಗುತ್ತಲೇ ಬಡಿಸಿದ್ದರೆ ಏನಾಗುತ್ತಿತ್ತು ಅಂತ ತಿಳಿಯುವ ಅವಕಾಶವನ್ನೇ ಅವು ಕಿತ್ತುಕೊಳ್ಳುತ್ತವೆ.

ಮುಂದೆ ನನಗೂ ಡಾಕ್ಟರಿಂದ ಆ ಹೆಸರು ಸಿಕ್ಕಿತು. ಮನೆಯವರು ಪಾಪ, ಅರ್ಥ ಮಾಡಿಕೊಂಡರು. ‘ಅವನಿಗೆ ಆಂಕ್ಸೈಟಿ ಇದೆ, ಬಿಡಿ’ ಅನ್ನತೊಡಗಿದರು. ಬಡಿಸುವುದಿಲ್ಲ, ಫೋನ್ ಎತ್ತುವುದಿಲ್ಲ, ಬ್ಯಾಂಕಿಗೆ ಹೋಗುವುದಿಲ್ಲ. ಎಷ್ಟು ಹಾಯಾಗಿತ್ತು ಅಂತೀರಿ! ಮೊದಲು ಮೊಬೈಲ್ ಹಿಂದೆ ಅವಿತುಕೊಳ್ಳುತ್ತಿದ್ದವನು ಈಗ ಹೆಸರಿನ ಹಿಂದೆ ಅವಿತುಕೊಂಡೆ, ಅಷ್ಟೇ. ಎರಡು ವರ್ಷದಲ್ಲಿ ಭಯ ಒಂದಿಂಚೂ ಕರಗಲಿಲ್ಲ.

ಹಾಗಂತ ಹೆಸರನ್ನೇ ಕಿತ್ತೆಸೆಯಿರಿ ಅನ್ನಲ್ಲ. ಹೇಗೆ ಹೇಳುತ್ತೀರಿ ಅನ್ನುವುದನ್ನು ನೋಡಿ. ಕನ್ನಡದಲ್ಲಿ ‘ನನಗೆ ಭಯ ಆಗುತ್ತಿದೆ’ ಅನ್ನುತ್ತೇವೆ, ಅಲ್ವಾ? ಭಯ ಬರುತ್ತದೆ, ಆಗುತ್ತದೆ, ಹೋಗುತ್ತದೆ. ‘ನಾನು ಪುಕ್ಕಲ’ ಅಂದರೆ ಎಲ್ಲಿಗೂ ಹೋಗುವುದಿಲ್ಲ. ‘ನಾನು ಆಂಕ್ಸೈಟಿ ಇರೋ ಮನುಷ್ಯ’ ಅನ್ನುವುದೂ ಈ ಎರಡನೇ ಜಾತಿಯದೇ, ಇಂಗ್ಲಿಷ್ ಬಟ್ಟೆ ಹಾಕಿದೆ ಅಷ್ಟೇ.

ಮೊದಲನೆಯದಕ್ಕೆ ಒಂದಿಷ್ಟು ಪುರಾವೆಯೂ ಇದೆ. ಲಾಸ್ ಏಂಜಲೀಸ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜೇಡಕ್ಕೆ ಹೆದರುವವರನ್ನು ಟರಾಂಟುಲಾ ಅನ್ನುವ ದೊಡ್ಡ ಜೀವಂತ ಜೇಡದ ಎದುರು ಕೂರಿಸಿದರು. ಆ ಹೊತ್ತಿನ ಭಯವನ್ನು ಬಾಯಿಬಿಟ್ಟು ಹೇಳುತ್ತಾ ಹೋದವರ ಕೈ, ವಾರ ಬಿಟ್ಟು ಮತ್ತೆ ನೋಡಿದಾಗ, ಬೇರೆಯವರಿಗಿಂತ ಕಮ್ಮಿ ಬೆವರಿತ್ತು. ಜೇಡದ ಭಯ ಬೇರೆ, ಜನರ ಭಯ ಬೇರೆ, ಒಪ್ಪಿದೆ. ಆದರೆ ಅವರು ಭಯದ ಹೆಸರು ಹೇಳಿದ್ದು ಜೇಡದ ಎದುರಿಗೇ ಕೂತು ಅನ್ನುವುದನ್ನು ಗಮನಿಸಿ.

ಹೋದ ವರ್ಷದಿಂದ ಈ ಹೆಸರು ನಿಮ್ಮನ್ನು ಎಲ್ಲಿಗೆ ಕರೆದುಕೊಂಡು ಹೋಯಿತು ಅಂತ ಒಮ್ಮೆ ಲೆಕ್ಕ ಹಾಕಿ. ಕೌನ್ಸೆಲಿಂಗಿಗೆ, ಸಣ್ಣ ಸಣ್ಣ ಅಭ್ಯಾಸಕ್ಕೆ ಕರೆದುಕೊಂಡು ಹೋಗಿದ್ದರೆ ಇಟ್ಟುಕೊಳ್ಳಿ, ಅಣ್ಣ ಏನಾದರೂ ಅಂದುಕೊಳ್ಳಲಿ. ಬರೀ ರಜಾಚೀಟಿ ಆಗಿದ್ದರೆ ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಿ, ‘ಹೆಸರು ಕೊಟ್ಟಿರಿ, ಮುಂದೇನು?’ ಅಂತ ಕೇಳಿ. ಈ ತೊಂದರೆಗೇ ಅಂತ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ಎರಡನ್ನೂ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಇದೆ, ಅದರ ಬಗ್ಗೆಯೂ ವಿಚಾರಿಸಿ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಅಂದರೆ ಬೆವರುವವರಿಗೆ ಫೋನ್ ನಂಬರು ಕೊಡುವುದು ತಮಾಷೆಯೇ, ಗೊತ್ತು. ನಂಬರನ್ನು ಬೇಕಾದರೆ ನಿಮ್ಮಣ್ಣನೇ ಒತ್ತಿಕೊಡಲಿ. ಮಾತು ಮಾತ್ರ ನೀವೇ ಆಡಿ.