ಬೆಳಗ್ಗೆ ಮಗುವನ್ನು ಎಷ್ಟು ಸಲ ಕೂಗುತ್ತೀರಿ?

"ಟೆಸ್ಟ್‌ನಲ್ಲಿ ಎಲ್ಲಾ ಸರಿಯಾಗಿ ಮಾಡಿದನಂತೆ. ಮನೇಲಿ ಶೂ ಹಾಕ್ಕೊಳ್ಳೋಕೂ ಹತ್ತು ಸಲ ಕೂಗಬೇಕು ಮೇಡಂ." ಆಕ್ಯುಪೇಷನಲ್ ಥೆರಪಿಗೆ, ಅಂದರೆ ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆಗೆ, ಮಕ್ಕಳನ್ನು ಕರೆತರುವ ಅಮ್ಮಂದಿರಿಂದ ಈ ಮಾತು ಆಗಾಗ ಕೇಳುತ್ತೇನೆ. ಎರಡೂ ನಿಜವೇ. ಇದು ಶಾಲೆಯ ಟೆಸ್ಟ್ ಅಲ್ಲ, ಮಗುವಿನ ಸಾಮರ್ಥ್ಯ ಅಳೆಯುವ ಟೆಸ್ಟ್. ಅದನ್ನು ಮಾಡುವ ಕೋಣೆಯಲ್ಲಿ ಗದ್ದಲ ಇರುವುದಿಲ್ಲ. ಮೇಜಿನ ಮೇಲೆ ಒಂದೇ ಕೆಲಸ. ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಎದುರಿಗಿದ್ದವರೇ ಹೇಳುತ್ತಾರೆ. ಆದರೆ ನಾವು ಅಳೆಯಲು ಹೊರಟಿರುವ ಎಕ್ಸಿಕ್ಯುಟಿವ್ ಫಂಕ್ಷನ್ ಎಂದರೆ ಅದೇ ಅಲ್ವಾ? ತಾನಾಗಿ ಶುರು ಮಾಡುವುದು, ನಡುವೆ ಬೇರೆ ಕಡೆ ಹೋಗದಿರುವುದು, ಮುಂದಿನದನ್ನು ನೆನಪಿಟ್ಟುಕೊಳ್ಳುವುದು, ಪ್ಲ್ಯಾನ್ ಬದಲಾದರೆ ಹೊಂದಿಕೊಳ್ಳುವುದು.

ಸಂಶೋಧಕಿ ಟೊಪ್ಲಾಕ್ ಮತ್ತು ಸಂಗಡಿಗರು 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಟೆಸ್ಟ್ ಅಂಕಗಳಿಗೂ, ಮನೆ ಮತ್ತು ಶಾಲೆಯವರು ತುಂಬಿದ ಪ್ರಶ್ನಾವಳಿಗೂ ಹೊಂದಾಣಿಕೆ ತೀರಾ ಕಡಿಮೆ ಇತ್ತು. ಹಾಗಾಗಿ ನನಗೆ ದಿನಚರಿಯೇ ಮುಖ್ಯ.

ನಾನು ಒಂದೇ ದಿನಚರಿ ಆರಿಸಿಕೊಳ್ಳುತ್ತೇನೆ, ಸ್ನಾನದಿಂದ ಸ್ಕೂಲ್ ವ್ಯಾನ್ ಬರುವವರೆಗೆ. ಮಗು ಏನು ಮಾಡಿತು ಅನ್ನೋದನ್ನ ಬರೆಯಬೇಡಿ, ನೀವು ಏನು ಹೇಳಿದಿರಿ ಅದನ್ನ ಬರೆಯಿರಿ ಎನ್ನುತ್ತೇನೆ. "ಇನ್ನೇನು ಬಾಕಿ?" ಎಂದರೆ ಸಾಕಾಯಿತೇ? "ಬೆಲ್ಟ್ ಹಾಕ್ಕೊ" ಎಂದು ಬಿಡಿಸಿ ಹೇಳಬೇಕಾಯಿತೇ? ಕೊನೆಗೆ ನೀವೇ ಹಾಕಿದಿರಾ? ಒಂದು ವಾರ ಬರೆದರೆ ಮಗು ಎಲ್ಲಿ ನಿಂತುಬಿಡುತ್ತದೆ ಎಂದು ಕಾಣುತ್ತದೆ. ಸಾಕ್ಸ್ ತರಲು ಹೋದವನು ಯಾಕೆ ಬಂದೆ ಎಂದು ಮರೆತು ನಿಂತಿರುತ್ತಾನೆ. ಇನ್ನೊಬ್ಬನಿಗೆ ಎಲ್ಲಾ ನೆನಪಿದೆ, ಟಿವಿ ಬಿಟ್ಟು ಏಳಲಾಗದು. ಮತ್ತೊಬ್ಬಳು ಪಿಟಿ ದಿನ ಬಿಳಿ ಯೂನಿಫಾರ್ಮ್ ಎಂದ ಕೂಡಲೇ ಕಂಗಾಲಾಗುತ್ತಾಳೆ. ಮೂವರಿಗೂ ಮನೆಯಲ್ಲಿ 'ಸೋಮಾರಿ' ಎಂಬ ಒಂದೇ ಹೆಸರು. ಅದು ನನಗೆ ನಿಜವಾಗಿಯೂ ನೋವು ಕೊಡುತ್ತದೆ.

ಬ್ಯಾಗ್ ಯಾರು ಜೋಡಿಸುತ್ತಾರೆ ಎಂದು ತಪ್ಪದೇ ಕೇಳುತ್ತೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿ ತಿಂಡಿ ತಿನ್ನಿಸುತ್ತಾರೆ, ಅಮ್ಮ ಟೈಮ್‌ಟೇಬಲ್ ನೋಡಿ ಪುಸ್ತಕ ಇಡುತ್ತಾರೆ, ಅಪ್ಪ ಶೂ ಲೇಸ್ ಕಟ್ಟುತ್ತಾರೆ. ಎಂಟು ವರ್ಷದ ಮಗುವಿಗೆ ಬ್ಯಾಗ್ ಜೋಡಿಸೋಕೆ ಬರಲ್ಲ ಅಂದರೆ, ಅದು ಕೊರತೆಯೋ, ಅವಕಾಶವೇ ಸಿಕ್ಕಿಲ್ಲವೋ? ಮೊದಲು ಕೆಲವು ವಾರ ಆ ಕೆಲಸ ಮಗುವಿಗೇ ಬಿಟ್ಟುಕೊಡಿ, ಆಮೇಲೆ ನೋಡೋಣ ಎನ್ನುತ್ತೇನೆ. ಸಾಕ್ಸ್ ಹಾಕಲ್ಲ ಎಂದು ಹಟ ಮಾಡುವ ಮಗುವಿಗೆ ಅದರ ಹೊಲಿಗೆ ಚುಚ್ಚುತ್ತಿರಬಹುದು. ನಿದ್ದೆ, ಕಿವಿ, ಬೆರಳಿನ ಹಿಡಿತ ಇವನ್ನೂ ನೋಡದೆ ತೀರ್ಮಾನಕ್ಕೆ ಬರಬಾರದು. ವಯಸ್ಸನ್ನೂ ಮರೆಯಬಾರದು. ತಾನಾಗಿ ಶುರು ಮಾಡುವ, ನೆನಪಿಟ್ಟುಕೊಳ್ಳುವ ಈ ಕೆಲಸ ನೋಡಿಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಐದು ವರ್ಷದ ಮಗುವಿಗೆ ನೆನಪಿಸಬೇಕಾಗುವುದು ಸಹಜ.

ಕ್ಲಿನಿಕ್‌ನಲ್ಲಿ ಪಾನಕ ಮಾಡಿಸುತ್ತೇನೆ. ಅಮೆರಿಕದಲ್ಲಿ ರೂಪುಗೊಂಡ ಚಿಲ್ಡ್ರನ್ಸ್ ಕಿಚನ್ ಟಾಸ್ಕ್ ಅಸೆಸ್‌ಮೆಂಟ್‌ನಲ್ಲಿ ಮಕ್ಕಳು ಚಿತ್ರದ ರೆಸಿಪಿ ನೋಡಿ ಆಟದ ಹಿಟ್ಟು ಕಲಸುತ್ತಾರೆ. ಎಷ್ಟು ಮತ್ತು ಎಂಥ ಸಹಾಯ ಬೇಕಾಯಿತು ಎಂದು ಅದರಲ್ಲಿ ಗುರುತು ಹಾಕುತ್ತಾರೆ. ನನ್ನ ಪಾನಕ ಆ ಟೆಸ್ಟ್ ಅಲ್ಲ, ಅಂಕವೂ ಇಲ್ಲ. ನೋಡುವ ರೀತಿ ಮಾತ್ರ ಅಲ್ಲಿಂದ ಕಲಿತದ್ದು. ನಿಂಬೆಹಣ್ಣು, ಸಕ್ಕರೆ, ನೀರು ಎದುರಿಗಿಟ್ಟು ಚಮಚ ಮಾತ್ರ ಇಡುವುದಿಲ್ಲ. ಕೆಲವರು ಕೇಳುತ್ತಾರೆ, ಕೆಲವರು ಹುಡುಕುತ್ತಾರೆ, ಕೆಲವರು ಸುಮ್ನೆ ಕೂತುಬಿಡುತ್ತಾರೆ. ಸಕ್ಕರೆ ಹಾಕಿದೆನೋ ಇಲ್ಲವೋ ಎಂದು ರುಚಿ ನೋಡುವ ಮಗು ತನ್ನ ಕೆಲಸವನ್ನು ತಾನೇ ಪರೀಕ್ಷಿಸುತ್ತಿದೆ. ಚೆಲ್ಲಿದ್ದನ್ನು ಗಮನಿಸದೆ ಮುಂದೆ ಹೋಗುವ ಮಗುವೂ ಇದೆ.

ಕೊನೆಗೆ ರಿಪೋರ್ಟ್‌ನಲ್ಲಿ 'ಗಮನ ಕಡಿಮೆ' ಎಂದಷ್ಟೇ ಬರೆಯುವುದಿಲ್ಲ. 'ಬಟ್ಟೆ, ಶೂ ತಾನೇ ಹಾಕಿಕೊಳ್ಳುತ್ತಾನೆ. ಬ್ಯಾಗ್ ಹತ್ತಿರ ಬಂದಾಗ ಎರಡು ಸಲ ಬಿಡಿಸಿ ಹೇಳಬೇಕು' ಎಂದು ಬರೆಯುತ್ತೇನೆ. ಆಗ ಮಾಡಬೇಕಾದ್ದನ್ನು ನೆನಪಿಸುವ ಚಿತ್ರದ ಪಟ್ಟಿ ಬಾತ್‌ರೂಮಿನಲ್ಲಿ ಬೇಡ, ಬ್ಯಾಗ್ ಇಡುವ ಜಾಗದಲ್ಲೇ ಬೇಕು ಎಂದು ಮನೆಯವರಿಗೆ ಗೊತ್ತಾಗುತ್ತದೆ. ಎರಡು ತಿಂಗಳ ನಂತರ ನೀವು ಏನು ಹೇಳಿದಿರಿ ಎಂಬುದನ್ನು ಮತ್ತೆ ಏಳು ದಿನ ಬರೆಸುತ್ತೇನೆ. ಎರಡು ಸಲ ಹೇಳುತ್ತಿದ್ದದ್ದು ಒಂದಕ್ಕೆ ಇಳಿದಿದ್ದರೆ ಚಿತ್ರದ ಪಟ್ಟಿ ಅಲ್ಲೇ ಇರಲಿ, ಇಳಿಯದಿದ್ದರೆ ಬೇರೆ ದಾರಿ ಹುಡುಕಬೇಕು.