ಬೇರೆ ಬೇರೆ ಕಪಾಟಿನಲ್ಲಿದ್ದ ಉತ್ತರಗಳು

1970ರ ದಶಕದಲ್ಲಿ ಭೂವಿಜ್ಞಾನಿ ವಾಲ್ಟರ್ ಅಲ್ವಾರೆಜ್ ಇಟಲಿಯ ಗುಬ್ಬಿಯೊ ಬಳಿ ಸುಣ್ಣಕಲ್ಲಿನ ಪದರಗಳನ್ನು ಅಧ್ಯಯನ ಮಾಡುತ್ತಿದ್ದರು. ಡೈನೋಸಾರ್‌ಗಳ ಯುಗ ಮುಗಿಯುವ ಮಟ್ಟದಲ್ಲಿ, ಎರಡು ಪದರಗಳ ನಡುವೆ, ಸುಮಾರು ಒಂದು ಸೆಂಟಿಮೀಟರ್ ದಪ್ಪದ ಜೇಡಿಮಣ್ಣು ಕೂತಿತ್ತು. ಇಷ್ಟು ಮಣ್ಣು ಶೇಖರವಾಗಲು ಎಷ್ಟು ವರ್ಷ ಹಿಡಿದಿರಬಹುದು? ಈ ಪ್ರಶ್ನೆಯನ್ನು ಅವರು ತಮ್ಮ ತಂದೆ ಲೂಯಿಸ್ ಅಲ್ವಾರೆಜ್ ಮುಂದಿಟ್ಟರು. ತಂದೆ ಭೂವಿಜ್ಞಾನಿಯಲ್ಲ, 1968ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ. ಉಲ್ಕೆಗಳ ಧೂಳು ಭೂಮಿಯ ಮೇಲೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಉದುರುತ್ತಿರುತ್ತದೆ, ಅದರಲ್ಲಿರುವ ಇರಿಡಿಯಂ ಎಂಬ ಅಪರೂಪದ ಲೋಹವನ್ನು ಅಳೆದರೆ ಕಾಲದ ಲೆಕ್ಕ ಸಿಕ್ಕೀತು ಎಂದು ಅವರಿಗೆ ಹೊಳೆಯಿತು. ರಸಾಯನವಿಜ್ಞಾನಿಗಳಾದ ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮೈಕೆಲ್ ಅಳೆದು ನೋಡಿದರು. ಆ ಮಣ್ಣಿನಲ್ಲಿ ಸುತ್ತಲಿನ ಕಲ್ಲಿಗಿಂತ ಸುಮಾರು 30 ಪಟ್ಟು ಇರಿಡಿಯಂ ಇತ್ತು. ನಿಧಾನವಾಗಿ ಉದುರುವ ಧೂಳಿನಿಂದ ಇಷ್ಟು ಬರಲು ಸಾಧ್ಯವಿರಲಿಲ್ಲ. ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಭೂಮಿಗೆ ಅಪ್ಪಳಿಸಿತ್ತು ಎಂದು 1980ರಲ್ಲಿ ನಾಲ್ವರೂ ಸೇರಿ ಪ್ರಕಟಿಸಿದರು.

ಹಾಗಾದರೆ ಕುಳಿ ಎಲ್ಲಿ? ವಿಜ್ಞಾನಿಗಳು ಹತ್ತು ವರ್ಷ ಹುಡುಕಿದರು. ಆ ಕುಳಿಯ ನಕ್ಷೆ ಅದಾಗಲೇ ಒಂದು ತೈಲ ಕಂಪನಿಯಲ್ಲಿತ್ತು. ಮೆಕ್ಸಿಕೋದ ಪೆಮೆಕ್ಸ್ ಕಂಪನಿಗಾಗಿ ಯುಕಟಾನ್ ತೀರದ ಸಮುದ್ರದಲ್ಲಿ ಕಾಂತಕ್ಷೇತ್ರದ ಸಮೀಕ್ಷೆ ನಡೆಸುತ್ತಿದ್ದ ಗ್ಲೆನ್ ಪೆನ್‌ಫೀಲ್ಡ್‌ಗೆ 1978ರಲ್ಲಿ ದೊಡ್ಡದೊಂದು ಕಮಾನು ಕಂಡಿತ್ತು. ಹಳೆಯ ಗುರುತ್ವ ನಕ್ಷೆಯಲ್ಲಿ ನೆಲದ ಮೇಲೆ ಇನ್ನೊಂದು ಕಮಾನಿತ್ತು. ಎರಡನ್ನೂ ಜೋಡಿಸಿದರೆ ಪೂರ್ಣ ವೃತ್ತ. 1981ರಲ್ಲಿ ಅವರೂ ಪೆಮೆಕ್ಸ್‌ನ ಆಂಟೋನಿಯೊ ಕಮಾರ್ಗೊ ಅವರೂ ತೈಲ ಶೋಧಕರ ಸಮ್ಮೇಳನವೊಂದರಲ್ಲಿ ಇದನ್ನು ವಿವರಿಸಿದರು. ಆದರೆ ಕುಳಿ ಹುಡುಕುತ್ತಿದ್ದ ಎಷ್ಟೋ ತಜ್ಞರು ಆ ಹೊತ್ತಿಗೆ ಬೇರೊಂದು ಸಮ್ಮೇಳನದಲ್ಲಿದ್ದರು. ಎರಡೂ ಗುಂಪುಗಳ ನಡುವಿನ ಕೊಂಡಿ ಬೆಸೆದದ್ದು ಕಾರ್ಲೋಸ್ ಬಯರ್ಸ್ ಎಂಬ ಪತ್ರಕರ್ತ. 1990ರಲ್ಲಿ ಅವರು ಪೆನ್‌ಫೀಲ್ಡ್ ಹೇಳಿದ್ದನ್ನು ಸಂಶೋಧಕ ಅಲನ್ ಹಿಲ್ಡೆಬ್ರಾಂಡ್ ಅವರಿಗೆ ತಿಳಿಸಿದರು. 1991ರಲ್ಲಿ, ಚಿಕ್ಸುಲುಬ್ ಎಂದು ಹೆಸರಾದ ಈ ಕುಳಿಯ ಬಗ್ಗೆ ಪ್ರಬಂಧ ಬಂತು. ಸುಮಾರು 180 ಕಿಲೋಮೀಟರ್ ಅಗಲದ ಕುಳಿಯೊಂದು, ಅದರ ಬಗ್ಗೆ ಬಹಿರಂಗವಾಗಿ ಮಾತಾಡಿದ ಮೇಲೂ, ಬೇಕಾದವರಿಗೆ ಸುಮಾರು ಹತ್ತು ವರ್ಷ ಕಾಣಲೇ ಇಲ್ಲ.

ಸಂಶೋಧನೆಯ ಬಗ್ಗೆ ನಾವು ಮಾತಾಡುವಾಗ ಯಾರಿಗೂ ಗೊತ್ತಿಲ್ಲದ್ದನ್ನು ಕಂಡುಹಿಡಿಯುವುದು ಎಂದೇ ಭಾವಿಸುತ್ತೇವೆ. ನನಗಂತೂ ಅದರಷ್ಟೇ ದೊಡ್ಡದಾಗಿ ಕಾಣುವ ಕೆಲಸ ಇನ್ನೊಂದಿದೆ: ಅರ್ಧ ಇಲ್ಲಿ, ಅರ್ಧ ಅಲ್ಲಿ ಗೊತ್ತಿರುವುದನ್ನು ಒಂದು ಮೇಜಿನ ಮೇಲೆ ತರುವುದು.

ಇದನ್ನೇ ಅಧ್ಯಯನದ ವಿಷಯವಾಗಿಸಿಕೊಂಡವರು ಶಿಕಾಗೊ ವಿಶ್ವವಿದ್ಯಾಲಯದ ಡಾನ್ ಸ್ವಾನ್ಸನ್. ಓದಿದ್ದು ಭೌತವಿಜ್ಞಾನ, ಕಲಿಸಿದ್ದು ಗ್ರಂಥಾಲಯ ವಿಜ್ಞಾನ. ಚಳಿಗೆ ಬೆರಳುಗಳ ರಕ್ತನಾಳ ಕುಗ್ಗಿ ಬೆರಳು ಬಿಳಿಚಿಕೊಳ್ಳುವ ರೇನೋ ಎಂಬ ತೊಂದರೆಯಿದೆ. ಅದರ ಕುರಿತ ವೈದ್ಯಕೀಯ ಪ್ರಬಂಧಗಳು, ಈ ರೋಗಿಗಳಲ್ಲಿ ರಕ್ತದ ಸ್ನಿಗ್ಧತೆ (ಮಂದತೆ) ಹೆಚ್ಚು, ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ಬೇಗ ಒಂದಕ್ಕೊಂದು ಅಂಟುತ್ತವೆ ಎಂದು ಹೇಳುತ್ತಿದ್ದವು. ಮೀನೆಣ್ಣೆಯ ಕುರಿತ ಪ್ರಬಂಧಗಳು, ಅದು ರಕ್ತದ ಸ್ನಿಗ್ಧತೆಯನ್ನೂ ಕಿರುಬಿಲ್ಲೆಗಳ ಅಂಟುವಿಕೆಯನ್ನೂ ತಗ್ಗಿಸುತ್ತದೆ ಎನ್ನುತ್ತಿದ್ದವು. ಎರಡೂ ರಾಶಿ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಓದುವಂತಿದ್ದವು. ಆದರೂ ಇವೆರಡನ್ನು ಒಟ್ಟಿಗೆ ನೋಡಿದವರು ಇರಲಿಲ್ಲ. 1986ರಲ್ಲಿ ಸ್ವಾನ್ಸನ್ ಮೀನೆಣ್ಣೆಯಿಂದ ರೇನೋ ರೋಗಿಗಳಿಗೆ ಉಪಶಮನ ಸಿಗಬಹುದೆಂಬ ಊಹೆ ಮುಂದಿಟ್ಟರು. ಅವರು ಒಂದು ಪ್ರಯೋಗವನ್ನೂ ಮಾಡಿರಲಿಲ್ಲ, ಓದಿದ್ದರು ಅಷ್ಟೆ. 1989ರಲ್ಲಿ ವೈದ್ಯರು ನಡೆಸಿದ ನಿಯಂತ್ರಿತ ಪ್ರಯೋಗವೊಂದರಲ್ಲಿ, ಬೇರೆ ಕಾಯಿಲೆಯಿಲ್ಲದೆ ರೇನೋ ಮಾತ್ರ ಇದ್ದವರಿಗೆ ಮೀನೆಣ್ಣೆಯಿಂದ ಚಳಿ ತಾಳುವ ಶಕ್ತಿ ಹೆಚ್ಚಿತು. ಬೇರೆ ಕಾಯಿಲೆಯ ಜೊತೆಗೆ ರೇನೋ ಇದ್ದವರಲ್ಲಿ ಆ ಫಲ ಕಾಣಲಿಲ್ಲ. ಅಂದರೆ ಊಹೆ ಪೂರ್ತಿ ಗೆಲ್ಲಲಿಲ್ಲ, ಆದರೆ ಪರೀಕ್ಷೆಗೆ ಯೋಗ್ಯವಾಗಿತ್ತು. 1988ರಲ್ಲಿ ಇದೇ ದಾರಿಯಲ್ಲಿ ಸ್ವಾನ್ಸನ್ ಮೈಗ್ರೇನ್ ಮತ್ತು ಮೆಗ್ನೀಸಿಯಂ ಕೊರತೆಯ ನಡುವೆ ಸಂಬಂಧ ಸೂಚಿಸಿದರು.

ವಿಜ್ಞಾನ ಮತ್ತು ವ್ಯಾಪಾರದ ನಡುವಿನ ಗೋಡೆ ಇನ್ನೂ ದಪ್ಪ. 1900ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಬಾಶೆಲಿಯೆ ಎಂಬ ತರುಣ ಗಣಿತಜ್ಞ ಷೇರುಪೇಟೆಯ ಬೆಲೆಗಳ ಏರಿಳಿತವನ್ನು ಯಾದೃಚ್ಛಿಕ ಚಲನೆಯೆಂದು ಹಿಡಿದು ಪ್ರಬಂಧ ಬರೆದ. ಐನ್‌ಸ್ಟೈನ್ 1905ರಲ್ಲಿ ದ್ರವದಲ್ಲಿ ತೇಲುವ ಕಣಗಳ ಚಲನೆಗೆ ಬರೆದ ಗಣಿತ ಬಹುಪಾಲು ಅದೇ. ಒಬ್ಬರಿಗೆ ಇನ್ನೊಬ್ಬರ ಕೆಲಸದ ಸುಳಿವಿರಲಿಲ್ಲ. ಅರ್ಥಶಾಸ್ತ್ರಜ್ಞರಿಗೆ ಬಾಶೆಲಿಯೆಯ ಪರಿಚಯವಾಗಲು 1950ರ ದಶಕ ಬರಬೇಕಾಯಿತು. 1973ರಲ್ಲಿ ಬಂದ, ಷೇರುಪೇಟೆಯ ಆಪ್ಷನ್ ಒಪ್ಪಂದಗಳಿಗೆ ಬೆಲೆ ಕಟ್ಟುವ ಬ್ಲ್ಯಾಕ್–ಶೋಲ್ಸ್ ಸೂತ್ರ ಅದೇ ದಾರಿಯ ಮುಂದುವರಿಕೆ, ಅದರ ಹೃದಯದಲ್ಲಿರುವುದು ಶಾಖ ಹರಡುವುದನ್ನು ವಿವರಿಸುವ ಸಮೀಕರಣ. ವ್ಯಾಪಾರದಿಂದ ವಿಜ್ಞಾನಕ್ಕೂ ಸಾಮಗ್ರಿ ಹೋಗಿದೆ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ವಿಲಿಯಂ ಗಾಸೆಟ್, ನಾಲ್ಕಾರು ಮಾದರಿಗಳಷ್ಟೇ ಇದ್ದಾಗ ಸರಾಸರಿಯನ್ನು ಎಷ್ಟು ನಂಬಬಹುದೆಂಬ ಪ್ರಶ್ನೆಗೆ 1908ರಲ್ಲಿ ಉತ್ತರ ಕೊಟ್ಟರು. ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲ, ‘ಸ್ಟೂಡೆಂಟ್’ ಎಂದು ಸಹಿ ಮಾಡಿದರು. ಇಂದು ಔಷಧ, ಮನೋವಿಜ್ಞಾನ, ಕೃಷಿ ಎಲ್ಲೆಡೆ ಬಳಸುವ ಟಿ-ಪರೀಕ್ಷೆ ಬಾರ್ಲಿಯ ಗುಣಮಟ್ಟದ ಚಿಂತೆಯಿಂದ ಹುಟ್ಟಿದ್ದು.

ಸಾಧನ ಎರವಲು ತರುವಾಗ ಅದರ ಷರತ್ತುಗಳೂ ಜೊತೆಗೆ ಬರಬೇಕು. 1881ರಲ್ಲಿ ಖಗೋಳವಿಜ್ಞಾನಿ ಸೈಮನ್ ನ್ಯೂಕಂಬ್, ಲಾಗರಿತಮ್ ಪುಸ್ತಕಗಳ ಮೊದಲ ಹಾಳೆಗಳೇ ಹೆಚ್ಚು ಸವೆದಿರುವುದನ್ನು ಗಮನಿಸಿದರು. 1 ರಿಂದ ಶುರುವಾಗುವ ಸಂಖ್ಯೆಗಳನ್ನು ಜನ ಹೆಚ್ಚು ಹುಡುಕುತ್ತಿದ್ದರು. 1938ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಬೆನ್‌ಫರ್ಡ್ ನದಿಗಳ ವಿಸ್ತೀರ್ಣದಿಂದ ಹಿಡಿದು ಜನಸಂಖ್ಯೆಯವರೆಗೆ ಅಂಕಿಗಳನ್ನು ಕೂಡಿಹಾಕಿ ಅದೇ ನಿಯಮ ಕಂಡರು: ಸುಮಾರು ಶೇ 30ರಷ್ಟು ಸಂಖ್ಯೆಗಳ ಮೊದಲ ಅಂಕೆ 1, ಶೇ 5ಕ್ಕೂ ಕಡಿಮೆ ಸಂಖ್ಯೆಗಳದು 9. ಇಂದು ಲೆಕ್ಕಪರಿಶೋಧಕರು ಸುಳ್ಳು ಲೆಕ್ಕಪತ್ರದ ಜಾಡು ಹಿಡಿಯಲು ಇದನ್ನು ಬಳಸುತ್ತಾರೆ, ಏಕೆಂದರೆ ಕಲ್ಪಿಸಿ ಬರೆದ ಅಂಕಿಗಳು ಈ ಅನುಪಾತಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಆದರೆ ಅಂಕಿಗಳು, ಹತ್ತರಿಂದ ಲಕ್ಷದವರೆಗೆ ಎಂಬಂತೆ, ವಿಶಾಲವಾಗಿ ಹರಡಿದ್ದರೆ ನಿಯಮ ಚೆನ್ನಾಗಿ ಕೆಲಸ ಮಾಡುತ್ತದೆ. ಮತಗಟ್ಟೆಗಳು ಹೆಚ್ಚುಕಡಿಮೆ ಒಂದೇ ಗಾತ್ರದವಾದ್ದರಿಂದ ಅಲ್ಲಿನ ಮತಗಳು ಅದನ್ನು ಪಾಲಿಸಬೇಕಿಲ್ಲ. 2020ರ ಅಮೆರಿಕ ಅಧ್ಯಕ್ಷ ಚುನಾವಣೆಯ ಬಳಿಕ ಈ ಷರತ್ತು ಮರೆತು ವಂಚನೆಯ ಆರೋಪ ಹಬ್ಬಿಸಲಾಯಿತು. ಅರ್ಧ ಅರಿತ ಸಾಧನ ಬರಿಗೈಗಿಂತ ಹೆಚ್ಚು ಹಾನಿ ಮಾಡಬಲ್ಲದು.

ಎರವಲು ಸರಿಯಾಗಿ ನಡೆದರೆ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಮರದ ಉಂಗುರಗಳದು. ಖಗೋಳವಿಜ್ಞಾನಿ ಎ. ಇ. ಡಗ್ಲಾಸ್ 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಅರಿಜೋನಾದಲ್ಲಿ ಮರದ ದಿಮ್ಮಿಗಳನ್ನು ಪರೀಕ್ಷಿಸತೊಡಗಿದರು. ಅವರು ಹುಡುಕುತ್ತಿದ್ದುದು ಸುಮಾರು 11 ವರ್ಷಗಳ ಸೌರಕಲೆಗಳ ಚಕ್ರವನ್ನು: ಸೂರ್ಯ ಬದಲಾದರೆ ಮಳೆ ಬದಲಾದೀತು, ಮಳೆ ಬದಲಾದರೆ ಉಂಗುರದ ದಪ್ಪ ಬದಲಾದೀತು. ಆ ನಂಟು ದುರ್ಬಲವೆಂದು ಮುಂದೆ ತಿಳಿಯಿತು. ಆದರೆ ಒಂದು ಪ್ರದೇಶದ ಮರಗಳೆಲ್ಲ ಬರಗಾಲದ ವರ್ಷಗಳನ್ನು ಒಂದೇ ಕ್ರಮದಲ್ಲಿ ದಾಖಲಿಸುತ್ತವೆ ಎಂಬುದು ಗಟ್ಟಿಯಾಗಿ ನಿಂತಿತು. ಪುರಾತತ್ವಜ್ಞರು ಅಲ್ಲಿನ ಮೂಲನಿವಾಸಿಗಳ ಪಾಳುಬಿದ್ದ ಪುಯೆಬ್ಲೊ ಮನೆಗಳ ತೊಲೆಗಳನ್ನು ಅವರಿಗೆ ಕೊಟ್ಟರು. ಹಳೆಯ ತೊಲೆಗಳ ಸರಣಿಯನ್ನು ಜೀವಂತ ಮರಗಳ ಸರಣಿಗೆ ಜೋಡಿಸುವ ತುಂಡು 1929ರಲ್ಲಿ ಶೋ ಲೋ ಎಂಬಲ್ಲಿ ಸಿಕ್ಕಿತು. ಆ ಒಂದು ಅರೆಸುಟ್ಟ ತೊಲೆಯಿಂದ ಹತ್ತಾರು ಪಾಳು ನೆಲೆಗಳಿಗೆ ಇಸವಿ ದೊರಕಿತು.

1949ರಲ್ಲಿ, ಮರ, ಮೂಳೆಯಂಥ ಅವಶೇಷಗಳಲ್ಲಿ ಉಳಿದಿರುವ ವಿಕಿರಣಶೀಲ ಇಂಗಾಲವನ್ನು ಅಳೆದು ಅವುಗಳ ವಯಸ್ಸು ಹೇಳುವ ವಿಲ್ಲರ್ಡ್ ಲಿಬ್ಬಿಯ ಕಾರ್ಬನ್-14 ವಿಧಾನ ಬಂತು. ವಾತಾವರಣದಲ್ಲಿ ಕಾರ್ಬನ್-14ರ ಪ್ರಮಾಣ ಸದಾ ಒಂದೇ ಎಂಬುದು ಅದರ ಆಧಾರ. ಇಸವಿ ಖಚಿತವಾಗಿ ಗೊತ್ತಿದ್ದ ಮರದ ಉಂಗುರಗಳನ್ನು ಅಳೆದಾಗ ಅದು ಸ್ಥಿರವಲ್ಲವೆಂದು ಕಂಡಿತು, ಇಡೀ ವಿಧಾನವನ್ನೇ ಉಂಗುರಗಳಿಂದ ತಿದ್ದಬೇಕಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. 2012ರಲ್ಲಿ ಜಪಾನಿನ ಫುಸಾ ಮಿಯಾಕೆ ಮತ್ತು ಸಹಸಂಶೋಧಕರು ಸುಗಿ (ಜಪಾನಿ ಸೀಡರ್) ಎಂಬ ಜಾತಿಯ ಹಳೆಯ ಮರಗಳಲ್ಲಿ, ಕ್ರಿ.ಶ. 774 ಮತ್ತು 775ರ ನಡುವೆ, ಕಾರ್ಬನ್-14 ಒಮ್ಮೆಲೇ ಸುಮಾರು ಶೇ 1.2ರಷ್ಟು ಜಿಗಿದಿರುವುದನ್ನು ಕಂಡರು. 2013ರಲ್ಲಿ ಅವರಿಗೆ ಕ್ರಿ.ಶ. 993ರ ಸುಮಾರಿನ ಅಂಥದೇ ಇನ್ನೊಂದು ಜಿಗಿತ ಸಿಕ್ಕಿತು. ಭಾರಿ ಸೌರಸ್ಫೋಟಗಳೇ ಇದಕ್ಕೆ ಕಾರಣವೆಂದು ಹೆಚ್ಚಿನವರು ಭಾವಿಸುತ್ತಾರೆ. ಡಗ್ಲಾಸ್ ಮರದಲ್ಲಿ ಹುಡುಕಿದ ಸೂರ್ಯನ ಚರಿತ್ರೆ ಅಲ್ಲಿ ನಿಜಕ್ಕೂ ಇತ್ತು, ಉಂಗುರದ ದಪ್ಪದಲ್ಲಲ್ಲ, ಅದರ ಪರಮಾಣುಗಳಲ್ಲಿ.

ಈ ಜಿಗಿತವನ್ನು ಇತಿಹಾಸಕ್ಕೆ ಹಚ್ಚಿದ್ದು 2021ರಲ್ಲಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಲಾನ್ಸ್ ಓ ಮೆಡೋಸ್ ಎಂಬ, ಉತ್ತರ ಯುರೋಪಿನ ನಾವಿಕರಾದ ವೈಕಿಂಗರ ನೆಲೆಯಿದೆ. ಅಲ್ಲಿ ಲೋಹದ ಅಲಗಿನಿಂದ ಕಡಿದ, ಮೂರು ಬೇರೆ ಮರಗಳ ತುಂಡುಗಳಲ್ಲಿ ಸಂಶೋಧಕರು 993ರ ಜಿಗಿತವನ್ನು ಗುರುತಿಸಿದರು. ಅಲ್ಲಿಂದ ತೊಗಟೆಯ ಅಂಚಿನವರೆಗೆ 28 ಉಂಗುರ ಎಣಿಸಿದರೆ ಮರ ಕಡಿದ ವರ್ಷ ಸಿಕ್ಕಿತು: 1021. ಮೂರರಲ್ಲೂ ಅದೇ ಇಸವಿ. ಯುರೋಪಿನವರು ಅಟ್ಲಾಂಟಿಕ್ ದಾಟಿ ಅಮೆರಿಕ ಖಂಡದಲ್ಲಿದ್ದರು ಎನ್ನಲು ಅಷ್ಟು ನಿಖರವಾದ ವರ್ಷ ಅದಕ್ಕೆ ಮುಂಚೆ ಯಾರ ಬಳಿಯೂ ಇರಲಿಲ್ಲ. ಅವರು ಎಷ್ಟು ಬಾರಿ ಬಂದರು, ದಕ್ಷಿಣಕ್ಕೆ ಎಲ್ಲಿಯವರೆಗೆ ಹೋದರು ಎಂಬುದನ್ನು ಉಂಗುರಗಳು ಹೇಳುವುದಿಲ್ಲ. ಅದಕ್ಕೆ ಈಗ ಸಸ್ಯವಿಜ್ಞಾನಿಗಳ ಸರದಿ: ಆ ನೆಲೆಯ ಅಗೆತದಲ್ಲಿ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಬೆಳೆಯದ, ಇನ್ನೂ ದಕ್ಷಿಣದಲ್ಲಷ್ಟೇ ಬೆಳೆಯುವ ಬಟರ್‌ನಟ್ ಮರದ ಕಾಯಿಗಳು ಸಿಕ್ಕಿವೆ.