ಕಡಲಿನ ಪಾಚಿಗೆ ಯೂರಿಯಾ ಸಾಲದು, ಕಲ್ಲೂ ಬೇಕು

2020ರ ನವೆಂಬರಿನಲ್ಲಿ ಕಾರವಾರದ ಅಲೆಗಳು ರಾತ್ರಿ ಹೊತ್ತು ನೀಲಿಯಾಗಿ ಹೊಳೆದವು. ಇಂಥ ವಿಡಿಯೋ ನಮ್ಮ ಬಾಗಲಕೋಟೆ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದಾಗಲೆಲ್ಲ ಎರಡು ಮಾತು ಜೊತೆಗೇ ಬರುತ್ತವೆ. ಒಂದು, ಇದು ಕೇಡುಗಾಲದ ಸೂಚನೆ. ಇನ್ನೊಂದು, ಯಾವುದೋ ಕಾರ್ಖಾನೆ ವಿಷ ಬಿಟ್ಟಿದೆ. ಓದಿದವರೂ ಇದನ್ನು ಸುಮ್ನೆ ಮುಂದೆ ತಳ್ಳುತ್ತಾರಲ್ಲ, ಅದೇ ಬೇಜಾರು.

ಹೊಳೆಯುವುದು ನಾಕ್ಟಿಲೂಕ ಅನ್ನೋ ಒಂದೇ ಕೋಶದ ಜೀವಿ. ಸುಮಾರು ಅರ್ಧ ಮಿಲಿಮೀಟರ್ ಇರುತ್ತದೆ, ಕಣ್ಣು ಚುರುಕಿದ್ದವರಿಗೆ ಬರಿಗಣ್ಣಿಗೇ ಚುಕ್ಕೆಯಂತೆ ಕಂಡೀತು. ನೀರು ಅಲುಗಿದರೆ ಮಿಂಚುತ್ತದೆ. ಹಗಲಲ್ಲಿ ಇದೇ ಜೀವಿ ದಟ್ಟವಾಗಿ ಸೇರಿದರೆ ನೀರು ಕೆಂಪಾಗಿ ಕಾಣುತ್ತದೆ. ನಮ್ಮ ಕರಾವಳಿಯ ಈ ಕೆಂಪು ನಾಕ್ಟಿಲೂಕ ಬಿಸಿಲಿನಿಂದ ಊಟ ತಯಾರಿಸಿಕೊಳ್ಳುವ ಜಾತಿಯಲ್ಲ. ಅದು ಸೂಕ್ಷ್ಮ ಪಾಚಿಗಳನ್ನು, ಅದರಲ್ಲೂ ಡಯಾಟಮ್‌ಗಳನ್ನು ತಿಂದು ಬದುಕುತ್ತದೆ. ಅಂದರೆ ನಾವು ನೋಡುವ ನೀಲಿ ಬೆಳಕು ಸಾಮಾನ್ಯವಾಗಿ ಕಥೆಯ ಎರಡನೇ ಅಂಕ. ಮೊದಲನೆಯದು ಅಷ್ಟರಲ್ಲೇ ಯಾರ ಕಣ್ಣಿಗೂ ಬೀಳದೆ ಮುಗಿದಿರುತ್ತದೆ.

ಆ ಮೊದಲ ಅಂಕ ನಡೆಯೋದು ಹೀಗೆ. ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪಶ್ಚಿಮ ಕರಾವಳಿಯ ಮೇಲಿನ ನೀರು ದಡ ಬಿಟ್ಟು ಆಚೆ ಸರಿಯುತ್ತದೆ, ಆ ಜಾಗಕ್ಕೆ ಅಡಿಯಿಂದ ತಣ್ಣನೆಯ ನೀರು ನೈಟ್ರೇಟು, ಫಾಸ್ಫೇಟು ಎಂಬ ಗೊಬ್ಬರ ಹೊತ್ತುಕೊಂಡು ಏರಿ ಬರುತ್ತದೆ. ಆಳ ಸಮುದ್ರದಲ್ಲಾದರೆ ಗಾಳಿ ನೀರನ್ನು ಕಲಕಿ ಪಾಚಿಯನ್ನು ಬೆಳಕಿಲ್ಲದ ಆಳದವರೆಗೂ ಎಳೆದೊಯ್ಯುತ್ತದೆ, ಇದರ ಲೆಕ್ಕವನ್ನು ಸಮುದ್ರ ವಿಜ್ಞಾನಿ ಹರಾಲ್ಡ್ ಸ್ವೆರ್ಡ್ರುಪ್ 1953ರಲ್ಲೇ ಮಾಡಿಟ್ಟಿದ್ದಾರೆ. ತೀರದ ಹತ್ತಿರ ಆ ತೊಂದರೆ ಕಡಿಮೆ, ಕೆಳಗೆ ನೆಲವೇ ತಡೆಯುತ್ತದೆ. ಇಲ್ಲಿ ಬೆಳಕನ್ನು ತಡೆಯೋದು ಹೊಳೆಗಳು ತಂದ ಕೆಮ್ಮಣ್ಣು. ಮಳೆ ಬಿಡುವು ಕೊಟ್ಟು ಮಣ್ಣು ತಳಕ್ಕೆ ಕೂತಿತೋ, ಪಾಚಿಗೆ ದಾರಿ ತೆರೆಯಿತು. ತಳದ ಕೆಸರೂ ಸುಮ್ಮನಿರುವುದಿಲ್ಲ. ಆಮ್ಲಜನಕ ಕಡಿಮೆಯಾದಾಗ ಅಲ್ಲಿ ಕಬ್ಬಿಣಕ್ಕೆ ಅಂಟಿಕೊಂಡಿದ್ದ ಫಾಸ್ಫೇಟ್ ಬಿಡುಗಡೆಯಾಗಿ ಮೇಲೆ ಬರುತ್ತದೆ. ದಿನಕ್ಕೊಮ್ಮೆ ಇಮ್ಮಡಿಯಾಗುವ ಡಯಾಟಮ್, ತಿನ್ನುವವರಿಲ್ಲದಿದ್ದರೆ, ಹತ್ತು ದಿನದಲ್ಲಿ ಸಾವಿರ ಪಟ್ಟಾಗುತ್ತದೆ.

ಹಾಗಾದರೆ ಗೊಬ್ಬರ ಸುರಿದಷ್ಟೂ ಪಾಚಿ ಜಾಸ್ತಿ, ಅಲ್ವಾ? ಅಲ್ಲ. ಗಂಗೆ, ಗೋದಾವರಿ, ನಮ್ಮ ಕೃಷ್ಣೆ ಎಲ್ಲ ಹೋಗಿ ಸೇರುವ ಬಂಗಾಳ ಕೊಲ್ಲಿ ಪಾಚಿ ಬೆಳೆಯಲ್ಲಿ ಅರಬ್ಬಿ ಸಮುದ್ರಕ್ಕಿಂತ ಬಡವೇ. ಹೊಳೆಯ ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಪದರವಾಗಿ ಕೂತು ಅಡಿಯ ನೀರನ್ನು ಮೇಲೇರಲು ಬಿಡುವುದಿಲ್ಲ.

ಇನ್ನು ನನಗೆ ತುಂಬಾ ಇಷ್ಟವಾದ ವಿಷಯ, ಮರಳು, ಗಾಜಿನಲ್ಲಿರುವ ಸಿಲಿಕಾ. 1934ರಲ್ಲಿ ಸಮುದ್ರ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ ಕಡಲ ಜೀವಿಗಳ ದೇಹದಲ್ಲಿ ಇಂಗಾಲ, ಸಾರಜನಕ, ರಂಜಕಗಳಿಗೆ ಒಂದು ಪ್ರಮಾಣ ಇರುವುದನ್ನು ತೋರಿಸಿದರು. ಇವತ್ತು ಅದನ್ನು 106:16:1 ಅಂತ ಬರೆಯುತ್ತೇವೆ. ಡಯಾಟಮ್‌ಗೆ ಇದರ ಜೊತೆ ಸಾರಜನಕದಷ್ಟೇ ಸಿಲಿಕಾನೂ ಬೇಕು, ಯಾಕೆಂದರೆ ಅದರ ಕವಚವೇ ಗಾಜು. ಎರಡು ಹೋಳು, ಮೇಲಿನದು ತುಸು ದೊಡ್ಡದು, ಮೈತುಂಬ ಸಾಲು ಸಾಲು ರಂಧ್ರ. ಸಿಲಿಕಾ ಮುಗಿದರೆ ಉಳಿದದ್ದು ಎಷ್ಟಿದ್ದರೂ ಡಯಾಟಮ್ ನಿಂತೇ ಹೋಗುತ್ತದೆ. ಹಿಟ್ಟು ಚೀಲಗಟ್ಟಲೆ ಇದ್ದು ಎಸರಿಗೆ ನೀರಿಲ್ಲದಿದ್ದರೆ ರೊಟ್ಟಿ ಆಗುವುದಿಲ್ಲವಲ್ಲ, ಹಾಗೆ. ಆಗ ಮಿಕ್ಕ ನೈಟ್ರೇಟು, ಫಾಸ್ಫೇಟನ್ನು ಗಾಜು ಬೇಡದ ಬೇರೆ ಪಾಚಿಗಳು ಉಣ್ಣುತ್ತವೆ. ಅವುಗಳಲ್ಲಿ ಕೆಲವು ವಿಷಕಾರಿ.

ಈ ಸಿಲಿಕಾ ಬರೋದು ನೆಲದಿಂದ. ಬಾದಾಮಿಯ ಕೆಂಪು ಮರಳುಗಲ್ಲು ಬಹುಪಾಲು ಸಿಲಿಕಾವೇ, ಆದರೆ ಅದರ ಕ್ವಾರ್ಟ್ಸ್ ಕರಗುವುದು ತೀರಾ ನಿಧಾನ. ಧಾರಾಳವಾಗಿ ಕೊಡೋದು ಎರೆ ಮಣ್ಣಿನ ತಾಯಿಯಾದ ದಖನ್ನಿನ ಕಪ್ಪು ಕಲ್ಲು. ಮಳೆನೀರಿನಲ್ಲಿರುವ ಇಂಗಾಲಾಮ್ಲ ಅದನ್ನು ವರ್ಷಾನುಗಟ್ಟಲೆ ತಿಂದು, ಸಿಲಿಕಾವನ್ನು ಕರಗಿಸಿ ಹೊಳೆಗೆ ಬಿಡುತ್ತದೆ. ಮಹಾಬಳೇಶ್ವರದಿಂದ ಹೊರಟ ಕೃಷ್ಣೆ ನಮ್ಮನ್ನು ಮುಟ್ಟುವವರೆಗೂ ಹರಿಯೋದು ಇದೇ ಕಲ್ಲಿನ ಮೇಲೆ.

ಅಣೆಕಟ್ಟು ಕಟ್ಟಿದರೆ ಏನಾಗುತ್ತದೆ? ನಿಂತ ನೀರಿನಲ್ಲಿ ಸಿಹಿನೀರಿನ ಡಯಾಟಮ್ ಬೆಳೆದು, ಸಿಲಿಕಾ ಹೀರಿ, ಸತ್ತು ತಳ ಸೇರುತ್ತದೆ. ಕಪ್ಪು ಸಮುದ್ರ ಸೇರುವ ಯುರೋಪಿನ ಡ್ಯಾನ್ಯೂಬ್ ನದಿಗೆ 1972ರಲ್ಲಿ ಐರನ್ ಗೇಟ್ಸ್ ಅಣೆಕಟ್ಟು ಬಂದ ಮೇಲೆ ಆ ಸಮುದ್ರದಲ್ಲಿ ಸಿಲಿಕಾ ಇಳಿಯಿತು, ಡಯಾಟಮ್ ಅಲ್ಲದ ಪಾಚಿಗಳು ಮೇಲುಗೈ ಪಡೆದವು ಎಂದು 1997ರಲ್ಲಿ ‘ನೇಚರ್’ ಪತ್ರಿಕೆಯ ಲೇಖನವೊಂದು ವಾದಿಸಿತು. ಮುಂದೆ ಅಲ್ಲೇ ಹೋಗಿ ಅಳೆದವರು, ಆ ಒಂದು ಕಟ್ಟೆ ಹಿಡಿದಿಡುವ ಸಿಲಿಕಾ ಅಷ್ಟೊಂದಿಲ್ಲ, ಮೇಲಿರುವ ಕಟ್ಟೆಗಳನ್ನೂ ಲೆಕ್ಕಕ್ಕೆ ತರಬೇಕು ಎಂದರು. ವಿಜ್ಞಾನ ಮುಂದೆ ಹೋಗೋದು ಹೀಗೇ, ವಾದದ ಬೆನ್ನಿಗೆ ಅಳತೆ ಇಟ್ಟುಕೊಂಡು.

ಒಂದು ಕಡೆ ಕಬ್ಬಿನ ಗದ್ದೆಗಳಿಂದ ಸಾರಜನಕ ಹೊಳೆಗೆ ಇಳಿಯುತ್ತದೆ, ಇನ್ನೊಂದು ಕಡೆ ಹಿನ್ನೀರು ಸಿಲಿಕಾ ಹಿಡಿಯಬಲ್ಲದು. ಹಾಗಾಗಿ ನಮ್ಮ ಹೊಳೆಯಲ್ಲೂ ಈ ಅಳತೆ ಆಗಬೇಕು, ಕಾಲೇಜು ಹುಡುಗರೇ ಶುರು ಮಾಡಬಹುದು. ಆಲಮಟ್ಟಿ ಹಿನ್ನೀರಿಗಿಂತ ಮೇಲೊಂದು ಕಡೆ, ನಾರಾಯಣಪುರದ ಕೆಳಗೊಂದು ಕಡೆ ನೀರು ಹಿಡಿಯಿರಿ, ಎಲ್ಲ ಕಾಲದಲ್ಲೂ. ಸೋಸಿ, ಆಮ್ಲದ ಜೊತೆ ಅಮೋನಿಯಂ ಮಾಲಿಬ್ಡೇಟ್ ಹಾಕಿದರೆ ಹಳದಿ ಬಣ್ಣ ಬರುತ್ತದೆ, ಸಿಲಿಕಾ ಜಾಸ್ತಿಯಿದ್ದಷ್ಟೂ ಗಾಢ. ಉಳಿದದ್ದನ್ನು ಬಣ್ಣದ ಗಾಢತೆ ಅಳೆಯುವ ಕಲರಿಮೀಟರ್ ಹೇಳುತ್ತದೆ. ಆದರೆ ನೀರು ಪ್ಲಾಸ್ಟಿಕ್ ಬಾಟಲಿಯಲ್ಲೇ ಹಿಡಿಯಿರಿ. ಗಾಜಿನದಾದರೆ ಬಾಟಲಿಯೇ ನೀರಿಗೆ ಸಿಲಿಕಾ ಬಿಡುತ್ತದೆ, ಲೆಕ್ಕ ತಪ್ಪುತ್ತದೆ.